ಮೂರನೆಯ ಜಾಡಿ

ಹೊಳೆದಂಡೆಯ ಆಶ್ರಮವೊಂದರಲ್ಲಿ ಕೊಟ್ರಮ್ಮ ಎಂಬ ಶಿಷ್ಯೆ ಇದ್ದಳು. ಅವಳಿಗೆ ಆರಿದ ಅನ್ನ ಕಂಡರೆ ಭಯ.

ಒಂದು ಹೊತ್ತು ಕಳೆದದ್ದು, ತಂಗಳಾದದ್ದು, ಹುಳಿ ವಾಸನೆ ಬಂದದ್ದು, ಏನು ಕಂಡರೂ ಅವಳ ಕೈಕಾಲು ತಣ್ಣಗಾಗುತ್ತಿದ್ದವು.

ಅದಕ್ಕೆ ಕಾರಣವಿತ್ತು. ಮೂರು ವರ್ಷದ ಹಿಂದೆ ಅವಳ ಗಂಡ ಕೆಂಚಪ್ಪ ಹೊಲಕ್ಕೆ ಹೊರಡುವ ಮುಂಚೆ ಹಿಂದಿನ ದಿನದ ಅಂಬಲಿ ಕುಡಿದಿದ್ದ. ಬಡಿಸಿದವಳು ಅವಳೇ. ಮಧ್ಯಾಹ್ನಕ್ಕೆ ವಾಂತಿ ಶುರುವಾಯಿತು. ಹೊತ್ತು ಮುಳುಗುವ ಮೊದಲೇ ಜೀವ ಹೋಯಿತು.

ಅಂಬಲಿಯಿಂದಲೇ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅತ್ತೆ ಮಾತ್ರ ಆ ಗಡಿಗೆಯನ್ನು ತೊಳೆದು ಹಿತ್ತಿಲ ಗೋಡೆಯ ಮೇಲೆ ಬೋರಲು ಹಾಕಿದಳು. ಆಮೇಲೆ ಅದನ್ನು ಯಾರೂ ಒಳಗೆ ತರಲಿಲ್ಲ.

ಆಶ್ರಮದ ಗುರುವನ್ನು ಎಲ್ಲರೂ ಅಜ್ಜಯ್ಯ ಎನ್ನುತ್ತಿದ್ದರು. ಕೊಟ್ರಮ್ಮ ಅಲ್ಲಿಗೆ ಬಂದ ದಿನ ಅವರ ಕಾಲಿಗೆ ಬಿದ್ದು, ಮನಸ್ಸು ನಿಲ್ಲಲು ಒಂದು ಮಂತ್ರ ಕೊಡಿ ಎಂದಳು. ಅಜ್ಜಯ್ಯ ಅವಳ ಕೈಗೆ ಸೌಟು ಕೊಟ್ಟರು.

ಅದೊಂದು ಬಿಟ್ಟು ಬೇರೆ ಏನು ಕೆಲಸವಾದರೂ ಕೊಡಿ ಎಂದು ಬೇಡಿಕೊಂಡಳು. ಅವರು ಕೇಳಿಸದವರಂತೆ ಹೊಳೆಯ ಕಡೆ ನಡೆದರು.

ಅಂದಿನಿಂದ ಆಶ್ರಮದಲ್ಲಿ ಎಲ್ಲವೂ ಬೇಯತೊಡಗಿತು. ಕಾಯಿಪಲ್ಲೆ ಬಣ್ಣಗೆಡುವ ತನಕ ಬೇಯುತ್ತಿತ್ತು. ಬೇಳೆ ಗುರುತು ಸಿಗದ ಹಾಗೆ ಕರಗುತ್ತಿತ್ತು. ಮೊಸರು ನಿಂತಿತು, ಮಜ್ಜಿಗೆ ನಿಂತಿತು, ಹಸಿ ಸೌತೆಕಾಯಿ ಕೂಡ ನಿಂತಿತು.

ವರ್ಷ ತುಂಬುವುದರೊಳಗೆ ಶಿಷ್ಯರು ಹೊಟ್ಟೆ ಹಿಡಿದುಕೊಂಡು ಧ್ಯಾನಕ್ಕೆ ಕೂರುವಂತಾಯಿತು. ಒಬ್ಬರಿಗೆ ಉಬ್ಬರ, ಇನ್ನೊಬ್ಬರಿಗೆ ನಾಲ್ಕು ದಿನಕ್ಕೊಮ್ಮೆ ಬಯಲಕಡೆ. ಅಜ್ಜಯ್ಯನವರಿಗಂತೂ ಬೇಸಿಗೆಯಲ್ಲಿ ಬಂದಿದ್ದ ಜ್ವರ ಬಿಟ್ಟ ಮೇಲೆ ಎರಡು ತುತ್ತು ಉಂಡರೆ ಹೊಟ್ಟೆ ಕಲ್ಲಾಗುತ್ತಿತ್ತು. ಮೈಯಲ್ಲಿ ಎಲುಬು ಎಣಿಸಬಹುದಾಗಿತ್ತು.

ಒಂದು ಬೆಳಿಗ್ಗೆ ಅವರು ಅಡುಗೆಮನೆಯ ಬಾಗಿಲಿಗೆ ಬಂದರು. ಕೈಯಲ್ಲೊಂದು ಪಿಂಗಾಣಿ ಜಾಡಿ.

ತಮ್ಮ ತಾಯಿ ಮೂಲಂಗಿ, ಗಜ್ಜರಿ ಹೆಚ್ಚಿ ಉಪ್ಪುನೀರಿನಲ್ಲಿ ಮುಳುಗಿಸಿ ಹುಳಿ ಬರಿಸುತ್ತಿದ್ದರು, ಊಟದ ಜೊತೆ ನಾಲ್ಕು ಹೋಳು ತಿಂದರೆ ಉಂಡದ್ದು ಅರಗುತ್ತಿತ್ತು, ಅದನ್ನು ಮಾಡಿಕೊಡು ಎಂದರು.

ಕೊಟ್ರಮ್ಮ ಸೌಟನ್ನು ಕೆಳಗಿಟ್ಟಳು.

"ಎಷ್ಟು ಹೊತ್ತು ಬೇಯಿಸಲಿ, ಅಜ್ಜಯ್ಯ?"

"ಬೇಯಿಸಬೇಡ."

"ಮತ್ತೆ?"

"ಮುಚ್ಚಿಡು. ಏಳೆಂಟು ದಿನ."

"ಕೆಟ್ಟು ಹೋಗುತ್ತದಲ್ಲ?"

"ಉಪ್ಪು ಕಾಯುತ್ತದೆ."

"ಉಪ್ಪು ಎಷ್ಟು?"

"ಕಣ್ಣೀರಿಗಿಂತ ಹೆಚ್ಚು. ಸಮುದ್ರಕ್ಕಿಂತ ಕಡಿಮೆ."

ತಾನು ಸಮುದ್ರ ನೋಡಿಲ್ಲ ಎಂದಳು ಕೊಟ್ರಮ್ಮ.

"ಇನ್ನೊಂದರ ರುಚಿ ಗೊತ್ತಲ್ಲ," ಎಂದು ಅಜ್ಜಯ್ಯ ಹೊರಟುಹೋದರು.

ಅವಳು ಹೋಳುಗಳನ್ನು ಜಾಡಿಗೆ ತುಂಬಿ, ಉಪ್ಪುನೀರು ಹೊಯ್ದು, ಮೇಲೇಳದ ಹಾಗೆ ಹೊಳೆಯ ಕಲ್ಲೊಂದನ್ನು ತೊಳೆದು ಹೇರಿದಳು. ಮೂಲೆಯಲ್ಲಿಟ್ಟು ಅದಕ್ಕೆ ಬೆನ್ನು ಮಾಡಿಕೊಂಡೇ ಎರಡು ದಿನ ಅಡುಗೆ ಮಾಡಿದಳು.

ಮೂರನೆಯ ದಿನ ಜಾಡಿ ಸದ್ದು ಮಾಡಿತು.

ಸಣ್ಣ ಸದ್ದು. ಮುಚ್ಚಳದ ಕೆಳಗೆ ಯಾರೋ ಉಸಿರು ಬಿಟ್ಟ ಹಾಗೆ. ಅವಳು ಮುಚ್ಚಳ ಎತ್ತಿದಳು. ನೀರು ಮಬ್ಬಾಗಿತ್ತು. ಹೋಳುಗಳ ಸಂದಿಯಿಂದ ಗುಳ್ಳೆಗಳು ಒಂದೊಂದಾಗಿ ಮೇಲೇರಿ ಒಡೆಯುತ್ತಿದ್ದವು. ಒಳಗೆ ಯಾವುದೋ ಜೀವವಿದೆ ಅನ್ನಿಸಿತು. ಉಸಿರು ಬಿಗಿಹಿಡಿದು ಹೊಳೆಗೆ ಓಡಿ, ಜಾಡಿಯಲ್ಲಿದ್ದುದನ್ನೆಲ್ಲ ಸುರಿದು ಬಂದಳು.

ಕೆಟ್ಟುಹೋಯಿತು ಎಂದು ಅಜ್ಜಯ್ಯನವರಿಗೆ ಹೇಳಿದಳು.

"ಮೂಸಿ ನೋಡಿದೆಯಾ?"

"ಇಲ್ಲ."

"ಹಾಗಾದರೆ ಕೆಟ್ಟದ್ದು ಯಾವುದು?"

ಅವರು ಖಾಲಿ ಜಾಡಿಯನ್ನು ಅವಳ ಮುಂದೆ ಸರಿಸಿದರು.

ಎರಡನೆಯ ಸಲ ಕೊಟ್ರಮ್ಮ ತನ್ನ ಭಯ ಹೇಳಿದಂತೆಯೇ ನಡೆದಳು. ಹೋಳುಗಳನ್ನು ಗುಟ್ಟಾಗಿ ಕುದಿಸಿದಳು. ಹೊಳೆಯ ಕಲ್ಲಿನಲ್ಲಿ ಏನು ವಿಷವಿದೆಯೋ ಎಂದು ಹೇರದೆ ಬಿಟ್ಟಳು. ಗಳಿಗೆಗೊಮ್ಮೆ ಮುಚ್ಚಳ ತೆಗೆದು ಬೆರಳಿನಿಂದ ಒತ್ತಿ ಒತ್ತಿ ನೋಡಿದಳು. ಗುಳ್ಳೆ ಏಳಲಿಲ್ಲ. ಸದ್ದಿಲ್ಲ. ಅವಳಿಗೆ ಸಮಾಧಾನವಾಯಿತು.

ಆರನೆಯ ದಿನ ತೆಗೆದಾಗ ತೇಲುತ್ತಿದ್ದ ಹೋಳುಗಳ ಮೇಲೆ ಕಪ್ಪು ಬೂಷ್ಟು ಕೂದಲಿನಂತೆ ನಿಂತಿತ್ತು.

ಅವಳು ಕಿರುಚಿದ್ದು ಕೇಳಿ ಅಜ್ಜಯ್ಯ ಬಂದರು. ಜಾಡಿ ನೋಡಿದರು, ಅವಳ ಮುಖ ನೋಡಿದರು. ಅವಳು ಕುದಿಸಿದ್ದನ್ನೂ ಕಲ್ಲು ಬಿಟ್ಟದ್ದನ್ನೂ ಒಪ್ಪಿಕೊಂಡಳು.

"ಬಗ್ಗು. ದೂರದಿಂದಲೇ ಒಂದು ಸಲ ಮೂಸು."

"ಬೇಡ ಅಜ್ಜಯ್ಯ. ನನ್ನ ಕೈಲಾಗುವುದಿಲ್ಲ."

"ಒಂದೇ ಸಲ."

ಅವಳು ಬಗ್ಗಿದಳು. ಸತ್ತ ಇಲಿಯ ನಾತ. ಮೂಗು ಮುಚ್ಚಿಕೊಂಡು ಹೊರಗೋಡಿ ಗೋಡೆಗೆ ಒರಗಿ ಕೂತಳು. ಅಜ್ಜಯ್ಯ ಜಾಡಿಯಲ್ಲಿದ್ದುದನ್ನು ತಿಪ್ಪೆಯಲ್ಲಿ ಆಳಕ್ಕೆ ಹೂಳಿಸಿದರು. ಜಾಡಿಯನ್ನು ಸುಡುನೀರಿನಲ್ಲಿ ತಿಕ್ಕಿಸಿ ಬಿಸಿಲಿಗಿಡಿಸಿದರು.

ಬಿಸಿಲಿಗಿಟ್ಟ ಜಾಡಿಯನ್ನು ನೋಡುತ್ತ ಕೊಟ್ರಮ್ಮ ತನಗೇ ಹೇಳಿಕೊಂಡಂತೆ ಅಂದಳು:

"ಅವತ್ತಿನ ಅಂಬಲಿ ಹೀಗೆ ನಾರಲಿಲ್ಲ. ದಿನವೂ ಇರುವ ಹಾಗೇ ಇತ್ತು."

ಅಜ್ಜಯ್ಯ ಅವಳ ಪಕ್ಕದಲ್ಲಿ ಮಣ್ಣಿನ ಮೇಲೆ ಕೂತರು.

"ಹಾಗಾದರೆ ಅವರು ಅಂಬಲಿಯಿಂದ ಹೋಗಲಿಲ್ಲವೇ, ಅಜ್ಜಯ್ಯ?"

"ನನಗೆ ಗೊತ್ತಿಲ್ಲ."

"ನಾರದ ವಿಷವೂ ಇರುತ್ತದೆಯೇ?"

"ಇರುತ್ತದೆ."

ಅವರು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ ಎಂಬುದಕ್ಕೇ ಅವಳಿಗೆ ಮೊದಲ ಸಲ ಅವರ ಮಾತಿನಲ್ಲಿ ನಂಬಿಕೆ ಕೂತಿತು. ಕಣ್ಣೊರೆಸಿಕೊಂಡು, ಮೂಲಂಗಿ ಇನ್ನೆಷ್ಟು ಉಳಿದಿದೆ ಎಂದು ನೋಡಲು ಎದ್ದಳು.

ಮೂರನೆಯ ಜಾಡಿಗೆ ಅವಳು ಮೊಣಕೈವರೆಗೆ ಕೈ ತೊಳೆದಳು. ಉಪ್ಪುನೀರನ್ನು ನಾಲಿಗೆಗೆ ಹಚ್ಚಿ ನೋಡಿದಳು. ಕಲ್ಲು ಹೇರಿದಳು. ಹೋಳೆಲ್ಲ ಮುಳುಗಿದೆಯೇ ಎಂದು ಬೆಳಿಗ್ಗೆ ಒಮ್ಮೆ ನೋಡಿ, ಮತ್ತೆ ಮುಟ್ಟಲಿಲ್ಲ. ಗುಳ್ಳೆಗಳ ಸದ್ದು ಕೇಳಿದಾಗೆಲ್ಲ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು ನಿಂತಳು. ಆದರೆ ಓಡಲಿಲ್ಲ.

ಎಂಟನೆಯ ದಿನ ಮಧ್ಯಾಹ್ನ ಮುಚ್ಚಳ ತೆಗೆದಳು. ಮೂಸಿದಳು. ಹುಣಸೆ ಚಿಗುರನ್ನು ಕೈಯಲ್ಲಿ ಹೊಸಕಿದಂಥ ವಾಸನೆ.

ಬಟ್ಟಲಿಗೆ ನಾಲ್ಕು ಹೋಳು ಹಾಕಿ ಅಜ್ಜಯ್ಯನವರ ಮುಂದಿಟ್ಟಳು. ಮೊದಲು ತಾನು ತಿನ್ನುತ್ತೇನೆ, ನಾಳೆಯವರೆಗೆ ತನಗೇನೂ ಆಗದಿದ್ದರೆ ಅವರು ತಿನ್ನಲಿ ಎಂದು ಕೇಳಿಕೊಂಡಳು. ಬಟ್ಟಲಿಗೆ ಕೈ ಹಾಕಿದಳು.

ಅಜ್ಜಯ್ಯ ಬಟ್ಟಲನ್ನು ತಮ್ಮ ಕಡೆ ಎಳೆದುಕೊಂಡರು.

"ಸಾಯುವುದಕ್ಕೆಂದು ತಿನ್ನುವವರಿಗೆ ಇದು ಅಲ್ಲ."

ನಾಲ್ಕನ್ನೂ ಒಂದೊಂದಾಗಿ ನುರಿಸಿ ತಿಂದು, ಚಾಪೆ ಹಾಸಿಕೊಂಡು ಮಲಗಿದರು.

ಕೊಟ್ರಮ್ಮ ಹೊಸ್ತಿಲ ಮೇಲೆ ಕೂತಳು. ಕೆಂಚಪ್ಪನಿಗೆ ವಾಂತಿ ಶುರುವಾದದ್ದು ಇದೇ ಹೊತ್ತಿಗೆ. ಅಜ್ಜಯ್ಯನವರ ಎದೆ ಏರುವುದನ್ನೂ ಇಳಿಯುವುದನ್ನೂ ರೆಪ್ಪೆ ಹೊಡೆಯದೆ ನೋಡಿದಳು. ಒಮ್ಮೆ ಅವರು ನರಳಿದರು. ಒಮ್ಮೆ ಎದೆ ಇಳಿದದ್ದು ಏರಲೇ ಇಲ್ಲ ಅನ್ನಿಸಿತು. ತೆವಳಿ ಹೋಗಿ ಅವರ ಪಾದ ಮುಟ್ಟಿದಳು. ಬೆಚ್ಚಗಿತ್ತು. ಅವರು ಕಣ್ಣು ತೆರೆಯದೆಯೇ ಕಾಲನ್ನು ಹಿಂದಕ್ಕೆಳೆದುಕೊಂಡು ಮಗ್ಗುಲು ಬದಲಿಸಿದರು.

ಹೊತ್ತು ಮುಳುಗಿತು. ಅಜ್ಜಯ್ಯ ಎದ್ದು ಮುಖ ತೊಳೆದುಕೊಂಡು ಪೂಜೆಗೆ ಕೂತರು. ಕೊಟ್ರಮ್ಮ ಮಾತ್ರ ಹೊಸ್ತಿಲಿಗೆ ಮರಳಿ, ಪೂಜೆ ಮುಗಿಯುವ ತನಕ ಅವರನ್ನೇ ನೋಡುತ್ತ ಕೂತಳು.

ಮಾರನೆಯ ದಿನದಿಂದ ಉಳಿದವರೂ ತಿಂದರು, ದಿನಕ್ಕೆ ಎರಡೇ ಹೋಳು. ಮೊದಮೊದಲು ಒಬ್ಬಿಬ್ಬರಿಗೆ ಹೊಟ್ಟೆ ಗುಡುಗಿತು. ಅವತ್ತೆಲ್ಲ ಕೊಟ್ರಮ್ಮ ಅವರ ಹಿಂದೆಯೇ ಸುತ್ತಿದಳು. ಹದಿನೈದು ದಿನ ಕಳೆಯುವಷ್ಟರಲ್ಲಿ ಉಬ್ಬರದ ಮಾತು ನಿಂತಿತು. ತಿಂಗಳ ಕೊನೆಗೆ ಅಜ್ಜಯ್ಯ ಇಡೀ ರೊಟ್ಟಿ ಉಂಡು ಇನ್ನೊಂದರ್ಧ ಕೇಳಿದರು.

ಜಾಡಿ ಖಾಲಿಯಾದಂತೆಲ್ಲ ಅವಳು ಮತ್ತೆ ತುಂಬಿದಳು. ಎಲ್ಲರಿಗೂ ಬಡಿಸಿದಳು. ತಾನು ಮಾತ್ರ ಒಲೆಯ ಮುಂದೆ ಕೂತು ಕುದಿಯುವ ಗಂಜಿಯನ್ನೇ ಕುಡಿಯುತ್ತಿದ್ದಳು.

ಒಂದು ಮಧ್ಯಾಹ್ನ ಅಜ್ಜಯ್ಯ ತಮ್ಮ ತಟ್ಟೆ ಮುಟ್ಟಲಿಲ್ಲ. ಎದುರಿಗೆ ಇನ್ನೊಂದು ತಟ್ಟೆ ಹಾಕಿ, ರೊಟ್ಟಿಯಿಟ್ಟು, ಪಕ್ಕದಲ್ಲಿ ಒಂದು ಹೋಳು ಮೂಲಂಗಿ ಇಟ್ಟರು.

ಕೊಟ್ರಮ್ಮ ಕೂತಳು. ಹೋಳನ್ನು ಬೆರಳ ತುದಿಯಲ್ಲಿ ಹಿಡಿದಳು. ಉಪ್ಪುನೀರು ತಟ್ಟೆಗೆ ತೊಟ್ಟಿಕ್ಕಿತು.

"ಎಲ್ಲ ಕಣ್ಣಾರೆ ಕಂಡೆ ಅಜ್ಜಯ್ಯ. ಆದರೂ ಭಯ ನನ್ನನ್ನು ಬಿಟ್ಟು ಹೋಗಲಿಲ್ಲ."

ಅಜ್ಜಯ್ಯ ಇನ್ನೊಬ್ಬರಿಗೆ ಜಾಗ ಬಿಡುವವರಂತೆ ಮಣೆಯ ಮೇಲೆ ಸ್ವಲ್ಪ ಸರಿದು ಕೂತರು.

"ಇರಲಿ. ಅದನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣು."