ಕೂಗದವ್ವನ ಕೆರೆ

"ಗುರುಗಳೇ, ಕೆರೆಯ ಹೂಳೆತ್ತಿ ಎಂದು ಆ ಊರಿನವರಿಗೆ ಇನ್ನೆಷ್ಟು ಸಲ ಹೇಳಲಿ?" ಎಂದು ಶಿಷ್ಯ ರೇಗಿ ಕೇಳಿದ. "ಹೇಳಿದಾಗ ತಲೆಯಾಡಿಸುತ್ತಾರೆ. ಒಂದು ಬುಟ್ಟಿ ಮಣ್ಣು ತೆಗೆದವರಿಲ್ಲ. ನನಗೆ ಸಾಕಾಗಿದೆ. ಇನ್ನು ಬಾಯಿ ಮುಚ್ಚಿಕೊಂಡಿರಲೇ?"

ಗುರುಗಳು ಹೇಳಿದರು: "ಆ ಕೆರೆಗೆ ಕೂಗದವ್ವನ ಕೆರೆ ಎಂಬ ಹೆಸರು ಹೇಗೆ ಬಂತು, ಗೊತ್ತೇ? ನನಗೆ ಇದನ್ನು ಮೊದಲು ಹೇಳಿದವಳು ಮಠಕ್ಕೆ ಮೊಸರು ತರುತ್ತಿದ್ದ ಮುದ್ದೀರಮ್ಮ. ಕೇಳು.

ಆ ಕೆರೆಗೆ ಒಬ್ಬ ನೀರಗಂಟಿ ಇದ್ದ. ಬೆಳಗ್ಗೆ ತೂಬು ತೆಗೆಸಿ ಗದ್ದೆಗಳಿಗೆ ನೀರು ಬಿಡುವುದು, ಸಂಜೆ ಮುಚ್ಚಿಸುವುದು ಅವನ ಕೆಲಸ. ಅವನು ಸತ್ತ ಮೇಲೆ ಕೆಲಸ ಹೆಂಡತಿಗೆ ಬಂತು. ತೂಬಿನ ಬಿರಡೆ ಒಬ್ಬಳ ಕೈಗೆ ಬಗ್ಗುವಂಥದ್ದಲ್ಲ. ಹಾಗಾಗಿ ಅವಳು ದಿನಾ ಸಂಜೆ ಏರಿಯ ಮೇಲೆ ನಿಂತು, ‘ತೂಬು ಮುಚ್ಚ ಬನ್ರಪ್ಪೋ!’ ಎಂದು ಕೂಗುತ್ತಿದ್ದಳು.

ಒಂದು ಕೂಗಿಗೆ ಯಾರೂ ಏಳುತ್ತಿರಲಿಲ್ಲ. ಇನ್ನೊಂದಕ್ಕೆ, ‘ಶುರುವಾಯ್ತು ಇವಳ ರಾಗ’ ಎನ್ನುತ್ತಿದ್ದರು. ಅವಳ ಗಂಟಲು ಕಿತ್ತುಹೋಗುವ ಹೊತ್ತಿಗೆ ಇಬ್ಬರು ಗೊಣಗುತ್ತಾ ಬಂದು ಮುಚ್ಚುತ್ತಿದ್ದರು, ಅವಳಿಗೇ ಉಪಕಾರ ಮಾಡಿದವರ ಹಾಗೆ. ಹೀಗೆಯೇ ಅವಳ ತಲೆ ನೆರೆಯಿತು.

ಒಂದು ವರ್ಷ ಪೈರು ಹಾಲುಗಾಳು ಕಟ್ಟುವ ಹೊತ್ತಿಗೆ ಮಳೆ ಹಿಂದೆಗೆಯಿತು. ಕೆರೆಯಲ್ಲಿದ್ದಷ್ಟು ನೀರೇ ಊರಿನ ಅನ್ನ. ಅಂಥ ಒಂದು ಸಂಜೆ ಒಬ್ಬ ರೈತ, ‘ಏನಮ್ಮೋ, ನೀನು ಕೂಗದಿದ್ರೆ ಕೆರೆ ಎದ್ದು ಓಡಿಹೋಗ್ತದಾ?’ ಎಂದ. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು.

ಮುದುಕಿಗೆ ಮೈ ಉರಿಯಿತು. ‘ಆಯ್ತಪ್ಪ, ನೋಡೇಬಿಡಾನ’ ಎಂದು ಮನೆಗೆ ಹೋಗಿ ಕುಳಿತಳು. ಹೊತ್ತು ಮುಳುಗಿತು. ಕಾಲುವೆಯ ಸದ್ದು ಕೇಳುತ್ತಲೇ ಇತ್ತು. ಕೂಗು ತಾನಾಗಿ ಗಂಟಲಿಗೆ ಬರುತ್ತಿತ್ತು. ಬಾಯಿ ತಡೆಯದೆಂದು ಎಲೆಯಡಿಕೆ ತುರುಕಿಕೊಂಡಳು. ಈಗ ಯಾರಾದರೂ ಎದ್ದಾರು, ಇನ್ನೇನು ಎದ್ದಾರು ಎಂದು ಕಿವಿಗೊಟ್ಟಳು. ಊರಿನವರೂ ಕಿವಿಗೊಟ್ಟೇ ಇದ್ದರು. ಮುದುಕಿ ಇನ್ನೂ ಕೂಗಿಲ್ಲ, ಅವಸರವೇನು ಎಂದುಕೊಂಡು ಉಂಡು ಮಲಗಿದರು.

ಬೆಳಗಾದರೆ ಕೆರೆಯಲ್ಲಿ ಬರೀ ಕೆಸರು. ಆ ವರ್ಷ ಊರು ಕೊಯ್ದದ್ದು ಜೊಳ್ಳು. ಊರೆಲ್ಲ ಅವಳ ಬಾಗಿಲಿಗೆ ಬಂದು, ‘ಯಾಕೆ ಕೂಗಲಿಲ್ಲ?’ ಎಂದು ಕೇಳಿತು. ತೂಬು ಯಾಕೆ ಮುಚ್ಚಲಿಲ್ಲ ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಅಂದಿನಿಂದ ಅದು ಕೂಗದವ್ವನ ಕೆರೆ."

ಶಿಷ್ಯನಿಗೆ ತಡೆಯಲಾಗಲಿಲ್ಲ. "ಎಂಥ ಅನ್ಯಾಯ, ಗುರುಗಳೇ! ಅವಳು ಜನ್ಮವಿಡೀ ಕೂಗಿದ್ದು ನೀರಿಗೆ ಹೋಯಿತು, ಒಂದು ಸಂಜೆ ಸುಮ್ಮನಿದ್ದದ್ದು ಹೆಸರಾಗಿ ನಿಂತಿತು! ಆ ಸೋಮಾರಿಗಳ ಮುಖಕ್ಕೆ ಇದನ್ನು ಯಾರಾದರೂ ಹೇಳಬೇಡವೇ?"

"ಬೇಕು, ನೀನೇ ಹೋಗಿ ಹೇಳಿ ಬಾ," ಎಂದರು ಗುರುಗಳು.