ಇಪ್ಪತ್ತಕ್ಕೆ ಇಪ್ಪತ್ತು ತಪ್ಪು

"ಗುರುಗಳೇ, ಮಠಕ್ಕೆ ಬಂದು ವರ್ಷವಾಯಿತು. ಮನೆ, ಹೆಂಡತಿ ಎಲ್ಲವನ್ನೂ ಮರೆತಿದ್ದೇನೆ. ಇನ್ನಾದರೂ ದೀಕ್ಷೆ ಕೊಡಬಾರದೇ?" ಎಂದು ಶಿಷ್ಯ ಸಂಗಯ್ಯ ಕೇಳಿದ.

ಗುರುಗಳು ಕತೆ ಹೇಳಿದರು.

ಒಬ್ಬ ಬಡಗಿ ತೊಲೆ ಏರಿಸುವಾಗ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ. ಗಾಯ ಮಾಯಿತು. ಆದರೆ ಅವನು, "ಈ ಹೆಂಗಸು ಯಾರೋ, ಈ ಮನೆ ಯಾರದೋ, ಒಂದೂ ನೆನಪಿಲ್ಲ. ನನ್ನನ್ನು ಬಿಟ್ಟುಬಿಡಿ, ಎಲ್ಲಾದರೂ ಹೋಗುತ್ತೇನೆ" ಎಂದ.

ಊರಿನವರು ಅಯ್ಯೋ ಪಾಪ ಎಂದರು. ಹೆಂಡತಿಗೆ ಮಾತ್ರ ಒಳಗೊಳಗೇ ಅನುಮಾನ. ಕೈ ಹಿಡಿದವಳನ್ನೇ ಮರೆತವನು ಮನೆಯ ಗಿಡ್ಡ ಬಾಗಿಲಿಗೆ ತಲೆ ತಗ್ಗಿಸುವುದನ್ನು ಹೇಗೆ ಮರೆಯಲಿಲ್ಲ? ಅವನು ಕೂತರೂ ಕಣ್ಣಿಟ್ಟಳು, ನಿಂತರೂ ಕಣ್ಣಿಟ್ಟಳು. ಹೀಗೆ ಕಾಯುವ ತನ್ನ ಮೇಲೆಯೇ ಅವಳಿಗೆ ಹೇಸಿಗೆಯಾಯಿತು. ನಿಜವಾಗಿ ಮರೆತಿದ್ದರೆ ಜೀವಮಾನವಿಡೀ ನೋಡಿಕೊಳ್ಳಲು ಅವಳು ತಯಾರಿದ್ದಳು. ನಟನೆಯಾಗಿದ್ದರೆ? ಅದು ತಿಳಿಯುವವರೆಗೆ ಅನ್ನ ಗಂಟಲಲ್ಲಿ ಇಳಿಯುವಂತಿರಲಿಲ್ಲ.

ಪಟ್ಟಣದಲ್ಲಿ ಒಬ್ಬ ವೈದ್ಯೆ ಇದ್ದಳು. ಮೊದಲು ಮನಸ್ಸಿನ ಶಾಸ್ತ್ರ ಓದಿ, ಆಮೇಲೆ ಮಿದುಳಿನದನ್ನೂ ಓದಿದವಳು. ತಲೆಗೆ ಪೆಟ್ಟು ಬಿದ್ದವರು, ಲಕ್ವ ಹೊಡೆದವರು, ಮರೆವು ಕವಿದ ಮುದುಕರು ಅವಳಲ್ಲಿಗೆ ಬರುತ್ತಿದ್ದರು. ಅವಳು ಔಷಧಿ ಕೊಡುತ್ತಿರಲಿಲ್ಲ, ಕತ್ತಿ ಹಿಡಿಯುತ್ತಿರಲಿಲ್ಲ. ಪ್ರಶ್ನೆ ಕೇಳುತ್ತಿದ್ದಳು, ಉತ್ತರ ಬರೆದುಕೊಳ್ಳುತ್ತಿದ್ದಳು, ಅಷ್ಟೇ. ಗಂಡನನ್ನು ಅಲ್ಲಿಗೆ ಕರೆತಂದ ಹೆಂಡತಿಗೆ ಅವಳ ಮೇಲೂ ಅನುಮಾನವೇ ಬಂತು.

"ಔಷಧಿ ಕೊಡದ ನೀವು ಎಂಥ ವೈದ್ಯರು, ತಾಯೀ?"

"ಏನು ಹೋಗಿದೆ, ಏನು ಉಳಿದಿದೆ ಎಂದು ನೋಡುವುದೇ ನನ್ನ ಕೆಲಸ. ನಿಮ್ಮ ಮನೆಯ ಇಪ್ಪತ್ತು ಸಾಮಾನು ತನ್ನಿ."

ತಂದಳು. ವೈದ್ಯೆ ಒಂದೊಂದರ ಪಕ್ಕದಲ್ಲೂ ಅಂಥದೇ ಬೇರೊಂದನ್ನು ಇಟ್ಟಳು. ತಂಬಿಗೆಯ ಪಕ್ಕ ತಂಬಿಗೆ, ಉಳಿಯ ಪಕ್ಕ ಉಳಿ. ನಿಮ್ಮದನ್ನು ಮುಟ್ಟಿ, ನೆನಪಿಲ್ಲದಿದ್ದರೆ ಸುಮ್ಮನೆ ಯಾವುದಾದರೊಂದನ್ನು ಮುಟ್ಟಿ ಎಂದು ಬಡಗಿಗೆ ಹೇಳಿದಳು. ಅವನು ಇಪ್ಪತ್ತು ಸಲವೂ ಬೇರೆಯವರದನ್ನೇ ಮುಟ್ಟಿದ. ಕೊನೆಗೆ, ಹದಿನೈದು ವರ್ಷ ತಾನೇ ಹಿಡಿದು ಸವೆಸಿದ ಉಳಿಯನ್ನೂ ಬಿಟ್ಟ.

ಹೆಂಡತಿ ಬಿಕ್ಕಿ ಅತ್ತಳು. "ನಾನೇ ಪಾಪಿ. ಇವರಿಗೆ ಒಂದೂ ನೆನಪಿಲ್ಲ. ಸುಮ್ಮನೆ ಅನುಮಾನಪಟ್ಟೆ."

"ಅಳಬೇಡಿ, ಅಮ್ಮ" ಎಂದಳು ವೈದ್ಯೆ. "ಮರೆತವರು ಕಣ್ಣು ಮುಚ್ಚಿ ಮುಟ್ಟಿದರೂ ಇಪ್ಪತ್ತರಲ್ಲಿ ಸುಮಾರು ಹತ್ತು ಸರಿಯಾಗುತ್ತವೆ. ಇಪ್ಪತ್ತಕ್ಕೆ ಇಪ್ಪತ್ತೂ ತಪ್ಪಬೇಕಾದರೆ ಇಪ್ಪತ್ತೂ ಗೊತ್ತಿರಬೇಕು."

ಹೆಂಡತಿ ಕಣ್ಣೊರೆಸಿಕೊಂಡು ತನ್ನ ಸಾಮಾನುಗಳನ್ನು ಚೀಲಕ್ಕೆ ತುಂಬಿದಳು.

ಸಂಗಯ್ಯ ನಕ್ಕ. "ಬಡಗಿ ಚೆನ್ನಾಗಿ ಸಿಕ್ಕಿಬಿದ್ದ, ಗುರುಗಳೇ."

ಗುರುಗಳು ಹೇಳಿದರು: "ಸಂಗಯ್ಯಾ, ವರ್ಷವಿಡೀ ಸುತ್ತಲಿನ ಊರಿಗೆಲ್ಲ ಭಿಕ್ಷೆಗೆ ಹೋದೆ; ನಿನ್ನ ಹೆಂಡತಿ ಇರುವ ಊರಿಗೆ ಮಾತ್ರ ಒಂದು ದಿನ ದಾರಿ ತಪ್ಪಿಯೂ ಹೋಗಲಿಲ್ಲವಲ್ಲ?"