ಬಾಯಿಲ್ಲದ ಹಂಡೆ

"ಇದರೊಳಗೆ ಹೋದದ್ದು ಉಸಿರೇ ಆಗಿರಲಿ, ನನ್ನ ಅಪ್ಪಣೆಯಿಲ್ಲದೆ ಆಚೆ ಬರುವುದಿಲ್ಲ!" ಎಂದು ನಮ್ಮ ದೊರೆ ಚಿಕ್ಕಭೈರನಾಯಕರು ಮೀಸೆ ತಿರುವಿದರು. ಅವರ ಭಾವಮೈದುನ ಕಳಿಸಿಕೊಟ್ಟ ಕಂಚಿನ ಹಂಡೆ ಅದು. ತಿರುಗಿಸಿ ಬಿಗಿಯುವ ಮುಚ್ಚಳ. ಮೇಲೆ ಅರಗು ಹಾಕಿದರೆ ಇರುವೆಗೂ ದಾರಿಯಿಲ್ಲ.

"ಭೇಷ್ ದೊರೆ! ಈ ಸಲ ರಾಗಿ ಹೆಂಡ ಹುದುಗಿಸೋಕೆ ಇದೇ ಸರಿ. ಮುದ್ರೆಯನ್ನೂ ಒತ್ತಿಬಿಡಿ" ಎಂದು ಮೊದಲು ಕೂಗಿದವನು ಯಾರು ಅಂದುಕೊಂಡಿರಿ? ನಾನೇ. ಆಸ್ಥಾನದ ಮಹಾಜಾಣ ಪುಟ್ಟಂಜಯ್ಯ.

ಕೂಗುವುದಕ್ಕೆ ಕಾರಣವಿತ್ತು. ಅರಮನೆಗೆ ಹೆಂಡ ಮಾಡುವವಳು ಮಾಳಕ್ಕ. ಮೊಳಕೆ ರಾಗಿಯ ಗಂಜಿಯನ್ನು ಅಜ್ಜಿಯ ಕಾಲದ ಮಣ್ಣಿನ ಗುಡಾಣಕ್ಕೆ ಹಾಕಿ, ಬಾಯಿಗೆ ಬರೀ ಬಟ್ಟೆ ಕಟ್ಟುತ್ತಿದ್ದಳು. ಹೋದ ವರ್ಷ ಆ ಗುಡಾಣದಲ್ಲಿ ಹೆಂಡ ದಿನಾ ಇಳಿಯುತ್ತಾ ಹೋಯಿತು. ಗುಮಾನಿ ಬಿದ್ದದ್ದು ಮಾಳಕ್ಕನ ಮೇಲೆ. ಬಟ್ಟೆಯ ಸಂದಿಯಲ್ಲಿ ಪಪ್ಪಾಯಿ ದಂಟು ತೂರಿಸಿ ಹೀರಿದವನು ಮಾತ್ರ ಆಸ್ಥಾನದಲ್ಲಿ ಕೂತು, "ಕಾಲ ಕೆಟ್ಟುಹೋಯಿತು ದೊರೆ" ಎಂದು ನಿಟ್ಟುಸಿರು ಬಿಡುತ್ತಿದ್ದ. ಅವನೂ ನಾನೇ. ಹಂಡೆಗೆ ಮುದ್ರೆ ಬಿದ್ದರೆ ಈ ವರ್ಷವಾದರೂ ನನ್ನ ಚಪಲ ಅಡಗೀತು ಎಂದು ನನ್ನ ಲೆಕ್ಕಾಚಾರ.

ಆದರೆ ದೊರೆ ಅಷ್ಟಕ್ಕೇ ನಿಲ್ಲಿಸಲಿಲ್ಲ.

"ಮೊಳಕೆ ಬರಲು ನಾಲ್ಕು ದಿನ. ಐದನೇ ದಿನ ಹಂಡೆ ತುಂಬಿ ಮುದ್ರೆ. ಬೀಗರು ಬಂದಾಗ ಅವರೆದುರಿಗೇ ತೆಗೆಯುತ್ತೇನೆ. ಹೆಂಡ ಒಂದು ಬೆರಳು ಕಡಿಮೆಯಾಗಿರಲಿ, ಮುದ್ರೆ ಬಿರುಕು ಬಿಟ್ಟಿರಲಿ, ಮಾಳಕ್ಕನ ಉಂಬಳಿ ಹೊಲ ಹೋಯಿತು!"

ಸಂಜೆಗೆ ಮಾಳಕ್ಕ ನಮ್ಮ ಜಗುಲಿ ಹತ್ತಿದಳು.

"ಏನಯ್ಯಾ, ನಿನ್ ನಾಲಿಗೆಗೆ ಬ್ಯಾರೆ ಕೆಲ್ಸ ಇರ್ಲಿಲ್ವಾ? ಹುದುಗೋವಾಗ ಬಾಯಿ ಬಿಗಿದ್ರೆ ಹಂಡೇನೇ ಸೀಳ್ಕೊಂಡು ಬತ್ತದೆ."

"ಕಂಚು ಕಣಕ್ಕ! ಗಂಜಿಗೆ ಕಂಚು ಸೀಳುತ್ತಾ?"

"ಒಂದ್ ಬುರುಡೇಲಿ ಮಾಡಿ ನೋಡು. ಆಮ್ಯಾಕೆ ಜಾಣತನ ಹೇಳು."

ನೋಡಿದೆ. ಸೋರೆಬುರುಡೆಗೆ ಅವಳ ಮನೆಯಲ್ಲಿದ್ದ ಹುದುಗು ಗಂಜಿ ತುಂಬಿ, ಬಾಯಿಗೆ ಬೆಣೆ ಹೊಡೆದು, ಆಸ್ಥಾನಕ್ಕೆ ಹಾಕಿಕೊಂಡು ಹೋಗುವ ರೇಷ್ಮೆ ಪೇಟದ ಪಕ್ಕದ ಗೂಟಕ್ಕೇ ತೂಗುಹಾಕಿದೆ. ಮೂರನೇ ದಿನ ಹೆಂಡತಿಗೆ, "ಹಳ್ಳಿ ಹೆಂಗಸು, ಅವಳಿಗೇನು ಗೊತ್ತು?" ಎನ್ನುತ್ತಿದ್ದೆ. ಢಮಾರ್! ಪೇಟ, ಗೋಡೆ, ನಾನು, ಮೂರೂ ಒಂದೇ ಬಣ್ಣ. ಹೆಂಡತಿ ಪೊರಕೆ ತಂದು ನನ್ನ ಕೈಗಿಟ್ಟಳು.

ಮೊದಲು ನಗು ಬಂತು. ಆಮೇಲೆ ಹೆದರಿಕೆಯಾಯಿತು. ಕುಡಿದವನು ನಾನು, ಹೊಲ ಕಳೆದುಕೊಳ್ಳುವವಳು ಅವಳು.

ದೊರೆಯ ಬಳಿ ಓಡಿದೆ. "ಬುರುಡೆಯ ಕಥೆ ಬೇಡ" ಎಂದರು. "ಕಣ್ಣಾರೆ ಕಂಡರೆ ನಂಬುತ್ತೇನೆ."

ಐದನೇ ದಿನ ಬಂತು. ಊಟದ ಚಾವಡಿಯ ಬಾಗಿಲಲ್ಲಿ ಮಾಳಕ್ಕ ಗಂಜಿಯ ಕೊಪ್ಪರಿಗೆಯೊಂದಿಗೆ ಕೂತಿದ್ದಳು, ಪಕ್ಕದಲ್ಲಿ ಹಂಡೆ. ಒಳಗೆ ಪಂಕ್ತಿ ನಡೆದಿತ್ತು. ನಮ್ಮ ಪಾಳೆಯದಲ್ಲೊಂದು ಕಟ್ಟಳೆಯಿದೆ. ದೊರೆ ತೇಗುವವರೆಗೆ ಪಂಕ್ತಿಯಿಂದ ಯಾರೂ ಏಳುವಂತಿಲ್ಲ. ನಾನು ಬಡಿಸುವವರ ಹಿಂದೆಯೇ ನಿಂತು, ದೊರೆಯ ಎಲೆಗೆ ಹಿತಕಿದ ಅವರೆಯ ಸಾರು, ಮುದ್ದೆ, ಹೋಳಿಗೆ, ಮೇಲಿನ್ನೊಂದು ಹೋಳಿಗೆ ಹಾಕಿಸಿದೆ.

"ದೊರೆ, ಹಂಡೆ ಬಿಗಿಯೋ, ನೀವು ಬಿಗಿಯೋ?"

"ಏನೋ ಹಾಗಂದರೆ?"

"ಒಂದು ಗಳಿಗೆ ತೇಗು ತಡೆಯಿರಿ. ತಡೆದರೆ ಹಂಡೆಗೆ ಮುದ್ರೆ. ಇಲ್ಲದಿದ್ದರೆ ಯಾವ ಪಾತ್ರೆ ಅನ್ನುವುದನ್ನು ಮಾಳಕ್ಕ ಹೇಳಲಿ."

"ಆರು ತಿಂಗಳು ಕೋಟೆಯ ಮುತ್ತಿಗೆ ತಡೆದವನು ನಾನು. ತೇಗು ಯಾವ ಮಹಾ!" ಎಂದು ದೊರೆ ತುಟಿ ಬಿಗಿದರು.

ಗಳಿಗೆ ಅಳೆಯುವ ತೂತು ಬಟ್ಟಲು ನೀರಿನ ಮೇಲೆ ತೇಲಿತು, ಅದು ಮುಳುಗಿದರೆ ಒಂದು ಗಳಿಗೆ. ದಳವಾಯಿಯ ಎಂಜಲು ಕೈ ಒಣಗಿತು. ಪುರೋಹಿತರು ಮಜ್ಜಿಗೆಯ ಮೇಲೆ ಮಜ್ಜಿಗೆ ಕುಡಿದರು. ದೊರೆಯ ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು, ಕಣ್ಣಲ್ಲಿ ನೀರಾಡಿತು. ಬಟ್ಟಲು ಇನ್ನೂ ಅರ್ಧ ಮುಳುಗಿರಲಿಲ್ಲ.

ಬಂತು ನೋಡಿ! ಮಾಡಿನ ಪಾರಿವಾಳಗಳೆಲ್ಲ ಹಾರಿಹೋದವು. ಕೈ ಒಣಗಿದವರೆಲ್ಲ ದೊರೆಗೆ ಜಯವಾಗಲಿ ಎನ್ನುತ್ತಾ ಬಚ್ಚಲಿಗೆ ಓಡಿದರು.

"ನೀನು ತಿನ್ನಿಸಿದ್ದು ಹೆಚ್ಚಾಯಿತು" ಎಂದು ದೊರೆ ಗುಡುಗಿದರು. "ಇದರಿಂದ ಸಾಬೀತಾದದ್ದೇನು?"

"ತಿಂದ ಹೋಳಿಗೆ ಹೊರಗೆ ಬಂತೇ ದೊರೆ?"

"ಇಲ್ಲ."

"ಗಾಳಿ ಮಾತ್ರ ಬಂತು. ಹುದುಗುವ ರಾಗಿಯೂ ತೇಗುತ್ತದೆ. ನಿಮಗೆ ಬಾಯಿತ್ತು, ಉಳಿದುಕೊಂಡಿರಿ. ಹಂಡೆಗೆ ಬಾಯಿಯಿಲ್ಲ, ಹೊಟ್ಟೆಯಿಂದಲೇ ತೇಗಬೇಕು. ಎದುರಿಗೆ ಬೀಗರು ಕೂತಿರುತ್ತಾರೆ."

ದೊರೆ ಹೊಟ್ಟೆ ಸವರಿಕೊಂಡು ಹಂಡೆಯ ಕಡೆ ನೋಡಿದರು. "ಅದನ್ನು ಬಚ್ಚಲುಮನೆಗೆ ಹಾಕಿ. ಮಾಳಕ್ಕ, ನಿನ್ನ ಪಾತ್ರೆ ಯಾವುದು?"

"ನಮ್ಮಜ್ಜಿ ಗುಡಾಣನೇ ಬುದ್ಧಿ. ಬಾಯಿಗೆ ಬಟ್ಟೆ."

"ಸರಿ. ಆದರೆ ಬಟ್ಟೆ ಕಟ್ಟಿದ ಬಾಯಿಗೆ ಕಾವಲೇನು? ಹೆಂಡ ಕಡಿಮೆಯಾದರೆ ನಿನ್ನ ಹೊಲ ಹೋಗುವುದು ಹೋಗುವುದೇ."

ಮಾಳಕ್ಕ ತಲೆ ತಗ್ಗಿಸಿದಳು. ನನ್ನ ಜಾಣತನವೆಲ್ಲ ಅಲ್ಲಿಗೆ ಮುಗಿದಿತ್ತು. ಉಳಿದದ್ದು ನಿಜವೊಂದೇ, ಅದನ್ನು ಹೇಳಿ ನನಗೆ ಅಭ್ಯಾಸವಿರಲಿಲ್ಲ.

"ಹೊಲದ ಮಾತು ಬಿಡಿ ದೊರೆ" ಎಂದು ಮುಂದೆ ಹೋಗಿ ನನ್ನ ತುಟಿ ತೋರಿಸಿದೆ. "ಮುದ್ರೆ ಇಲ್ಲಿ ಒತ್ತಿ. ಗುಡಾಣ ತುಂಬಿರುತ್ತದೆ."

ದೊರೆ ನನ್ನನ್ನು ನೋಡಿದರು, ಮಾಳಕ್ಕನನ್ನು ನೋಡಿದರು.

"ಹೋದ ವರ್ಷದ್ದೂ ನೀನೇನೋ?"

"ನಾನೇ ದೊರೆ."

"ಮಾಳಕ್ಕ, ಹೊಲ ನಿನ್ನದೇ. ಇನ್ನು ಯಾರೂ ಅದರ ಮಾತೆತ್ತುವುದಿಲ್ಲ."

"ಅರಗು ಕಾಯಿಸಲೇ ಪ್ರಭು?" ಎಂದು ಕೈ ತೊಳೆದು ಬಂದಿದ್ದ ದಳವಾಯಿ ಭಾರೀ ಉತ್ಸಾಹದಿಂದ ಮುಂದಾದ.

ದೊರೆಗೆ ನಗು ತಡೆಯಲಾಗಲಿಲ್ಲ. "ಬೇಡ ಬೇಡ. ಇವನ ಬಾಯಿ ಬಿಗಿದರೆ ಇವನೂ ಒಡೆಯುತ್ತಾನೆ. ಆಚೆ ಬರುವ ಸುಳ್ಳನ್ನೆಲ್ಲ ಬಾಚಿ ಹಾಕುವವರು ಯಾರು?"